ಮೆಣಸಿನ ಪೇಟೆಯಲ್ಲಿ ಲೆಕ್ಕಕ್ಕೆ ಸಿಗದವರು

ಮುಂದೆ ಓದುವ ಮೊದಲು ಒಮ್ಮೆ ಅಡುಗೆಮನೆಗೆ ಹೋಗಿ ಒಣಮೆಣಸಿನ ಡಬ್ಬದ ಮುಚ್ಚಳ ತೆಗೆದು ನೋಡಿ. ಉದ್ದಕ್ಕೆ ಸುಕ್ಕುಗಟ್ಟಿದ, ಕಡುಗೆಂಪು ಬಣ್ಣದ, ಹೆಚ್ಚು ಖಾರವಿಲ್ಲದ ಮೆಣಸು ಅದರಲ್ಲಿದ್ದರೆ ಅದು ಬ್ಯಾಡಗಿ. ನಮ್ಮ ಕರಾವಳಿಯ ಕೋಳಿಸಾರಿಗೆ ಕೆಂಪು ಬಣ್ಣ ಬರುವುದು ಅದರಿಂದಲೇ. ಅರ್ಧ ಕಿಲೋ ಮೆಣಸಿನ ತೊಟ್ಟು ತೆಗೆದು ಬಿಸಿಲಿಗೆ ಹಾಕುವಷ್ಟರಲ್ಲಿ ನಮ್ಮ ಬೆರಳುಗಳು ಉರಿಯತೊಡಗುತ್ತವೆ. ಮರೆತು ಕಣ್ಣು ಮುಟ್ಟಿಕೊಂಡರೆ ಆ ದಿನದ ಕಥೆ ಮುಗಿಯಿತು. ಹಾಗಿರುವಾಗ ಬೆಳಗಿನಿಂದ ಸಂಜೆಯವರೆಗೆ ಇದೇ ಕೆಲಸ ಮಾಡುವವರ ಕೈಗಳು ಹೇಗಿರಬೇಡ?

ಆ ಕೈಗಳನ್ನು ನಾನು ಐದು ವರ್ಷ ಹತ್ತಿರದಿಂದ ನೋಡಿದ್ದೇನೆ. 2009ರಲ್ಲಿ ನಮ್ಮವರಿಗೆ ಬ್ಯಾಂಕಿನಿಂದ ಬ್ಯಾಡಗಿಗೆ ವರ್ಗವಾಯಿತು. ಬಂಟ್ವಾಳದ ಕಡೆಯ ನನಗೆ ಅಲ್ಲಿಯವರೆಗೆ ಬ್ಯಾಡಗಿ ಎಂದರೆ ಒಂದು ಮೆಣಸು, ಅಷ್ಟೇ. ಅದು ಹಾವೇರಿ ಜಿಲ್ಲೆಯ ಒಂದು ತಾಲೂಕು ಕೇಂದ್ರ, ಕನಕದಾಸರ ಕಾಗಿನೆಲೆ ಇರುವುದು ಅದೇ ತಾಲೂಕಿನಲ್ಲಿ ಎಂಬುದೂ ಗೊತ್ತಿರಲಿಲ್ಲ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಎರಡು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ರೈಲಿನಿಂದ ಇಳಿದಾಗ ನಮ್ಮನ್ನು ಸ್ವಾಗತಿಸಿದ್ದು ಸೀನು. ಗಾಳಿಯಲ್ಲೆಲ್ಲ ಮೆಣಸಿನ ಘಾಟು. ಮೊದಲ ವಾರ ಕಿಟಕಿ, ಬಾಗಿಲು ಮುಚ್ಚಿಕೊಂಡೇ ಇದ್ದೆ.

ಒಂದು ದಿನ ಪಕ್ಕದ ಮನೆಯ ಹೆಂಗಸು ಬಾಗಿಲು ತಟ್ಟಿದರು. “ಯಾಕ ಬೇಟಿ, ಬಾಗಿಲಾ ಹಾಕ್ಕೊಂಡು ಒಳಗ ಕುಂತೀದಿ? ಎಂಟು ದಿನಕ್ಕ ರೂಢಿ ಆಗ್ತೈತಿ, ಹೆದರಬ್ಯಾಡ” ಎಂದು ನಕ್ಕರು. ಅಂದಿನಿಂದ ಅವರು ನನಗೆ ಖಾಲಾ. ನನ್ನ ಮನೆಮಾತು ಬ್ಯಾರಿ, ಅವರದು ದಖನಿ ಉರ್ದು. ನಮ್ಮಿಬ್ಬರಿಗೂ ಅರ್ಥವಾಗುತ್ತಿದ್ದುದು ಕನ್ನಡ. ಆಗ ಅವರಿಗೆ ಐವತ್ತರ ಆಸುಪಾಸು. ಗಂಡನಿಗೆ ಸೊಂಟ ನೋವು, ಭಾರ ಎತ್ತುವಂತಿರಲಿಲ್ಲ. ಮಗ ಲಾರಿಯಲ್ಲಿ ಕ್ಲೀನರ್. ಖಾಲಾ ಮತ್ತು ಅವರ ಸೊಸೆ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು ಬಿಡಿಸುತ್ತಿದ್ದರು. ತೊಟ್ಟಿಗೆ ಅಲ್ಲಿಯವರು ‘ತುಂಬು’ ಅನ್ನುತ್ತಾರೆ.

ಊರು ದೊಡ್ಡದೇನಲ್ಲ. 2001ರ ಜನಗಣತಿಯಲ್ಲಿ ಇಪ್ಪತ್ತೈದು ಸಾವಿರದ ಆಸುಪಾಸು, 2011ರಲ್ಲಿ ಸುಮಾರು ಮೂವತ್ತು ಸಾವಿರ ಜನ. ಪುರಸಭೆ ಇದೆ, ತಾಲೂಕು ಆಸ್ಪತ್ರೆ ಇದೆ, ಶಾಲೆ ಕಾಲೇಜುಗಳಿವೆ, ರೈಲು ನಿಲ್ದಾಣವಿದೆ. ಮೋಟೆಬೆನ್ನೂರಿಗೆ ಹೋದರೆ ರಾಷ್ಟ್ರೀಯ ಹೆದ್ದಾರಿ. ದೊಡ್ಡ ಕಾಯಿಲೆಗೆ ಹಾವೇರಿಗೋ ಹುಬ್ಬಳ್ಳಿಗೋ ಹೋಗಬೇಕು. ಇದಿಷ್ಟೇ ಆದರೆ ಬ್ಯಾಡಗಿ ನಮ್ಮ ನಾಡಿನ ನೂರಾರು ಸಣ್ಣ ಪೇಟೆಗಳಲ್ಲಿ ಒಂದು. ಆದರೆ ಸುಗ್ಗಿಯಲ್ಲಿ, ಸೋಮವಾರ ಮತ್ತು ಗುರುವಾರದ ಮಾರುಕಟ್ಟೆ ದಿನ, ಈ ಊರಿಗೆ ಒಂದೇ ದಿನ ಲಕ್ಷಕ್ಕೂ ಹೆಚ್ಚು ಚೀಲ ಮೆಣಸಿನಕಾಯಿ ಬರುವುದುಂಟು. ಬಳ್ಳಾರಿ, ರಾಯಚೂರು, ಗದಗ, ಧಾರವಾಡ ಕಡೆಯಿಂದ, ಆಂಧ್ರದಿಂದಲೂ ಲಾರಿಗಳು ಸಾಲುಗಟ್ಟುತ್ತವೆ. ಇಂದು ಆ ಮೆಣಸಿನ ಹೆಚ್ಚಿನ ಪಾಲು ಬೆಳೆಯುವುದು ಬ್ಯಾಡಗಿಯಲ್ಲಲ್ಲ. ಊರಿನ ಹೊರಗೆ ನಡೆದರೆ ನಿಮಗೆ ಹೆಚ್ಚಾಗಿ ಕಾಣುವುದು ಗೋವಿನಜೋಳ. ಬ್ಯಾಡಗಿ ಮೆಣಸನ್ನು ಮಾರುವ ಊರು.

ರೈತ ಎಪಿಎಂಸಿಯ ದಲಾಲಿ ಅಂಗಡಿಯ ಮುಂದೆ ತನ್ನ ಮಾಲನ್ನು ಲಾಟು ಮಾಡಿ ಇಡುತ್ತಾನೆ. ಖರೀದಿದಾರರು ಬಂದು ಕಾಯಿ ಮುರಿದು, ಬಣ್ಣ ನೋಡಿ, ಟೆಂಡರಿನಲ್ಲಿ ದರ ಹಾಕುತ್ತಾರೆ. ಡಬ್ಬಿ ಎಂಬ ದಪ್ಪ ಗಿಡ್ಡ ಕಾಯಿಗೆ ಒಂದು ಬೆಲೆ, ಕಡ್ಡಿ ಎಂಬ ಉದ್ದನೆಯ ತೆಳು ಕಾಯಿಗೆ ಇನ್ನೊಂದು. ಅಲ್ಲಿಂದ ಮೆಣಸು ಗೋದಾಮಿಗೆ, ಕೋಲ್ಡ್ ಸ್ಟೋರೇಜಿಗೆ, ಪುಡಿ ಮಾಡುವ ಕಾರ್ಖಾನೆಗೆ ಹೋಗುತ್ತದೆ. ಅದರಿಂದ ತೆಗೆದ ಬಣ್ಣದ ಎಣ್ಣೆ ತಿಂಡಿ ತಿನಿಸುಗಳಿಗೂ ತುಟಿಗೆ ಹಚ್ಚುವ ಲಿಪ್‌ಸ್ಟಿಕ್‌ಗೂ ಬಳಕೆಯಾಗುತ್ತದೆ. ಆದರೆ ಬಣ್ಣ ಇರುವುದು ಕಾಯಿಯ ಸಿಪ್ಪೆಯಲ್ಲಿ, ತೊಟ್ಟಿನಲ್ಲಿ ಅಲ್ಲ. ತೊಟ್ಟು ಸೇರಿದರೆ ಪುಡಿಯ ಬಣ್ಣ ಕೆಡುತ್ತದೆ. ಆದ್ದರಿಂದ ಒಳ್ಳೆಯ ಮಾಲಿನ ಒಂದೊಂದು ಕಾಯಿಯನ್ನೂ ಯಾರೋ ಒಬ್ಬರು ಕೈಯಲ್ಲಿ ಹಿಡಿದು ತೊಟ್ಟು ತೆಗೆಯಬೇಕು. ಆ ಯಾರೋ ಒಬ್ಬರು ಎಂದರೆ ಹೆಂಗಸರು. ನನ್ನ ಖಾಲಾ, ಅವರ ಸೊಸೆ, ಅವರ ಜೊತೆ ಟೆಂಪೋದಲ್ಲಿ ಹಳ್ಳಿಗಳಿಂದ ಬರುತ್ತಿದ್ದ ಎಲ್ಲ ಜಾತಿ ಧರ್ಮಗಳ ಅಕ್ಕ ತಂಗಿಯರು.

ಕೂಲಿ ಕಿಲೋ ಲೆಕ್ಕದಲ್ಲಿ. ತೊಟ್ಟು ತೆಗೆದ ಒಣಕಾಯಿ ಗಾಳಿಯಷ್ಟು ಹಗುರ. ಒಂದು ಕಿಲೋ ತುಂಬಬೇಕಾದರೆ ನೂರಾರು ಸಲ ಬೆರಳು ಆಡಬೇಕು. ಹಾಗಾಗಿ ಯಾರೂ ನಡುವೆ ಏಳುವುದಿಲ್ಲ. ಒಂದು ದಿನ ಖಾಲಾರಿಗೆ ಊಟದ ಡಬ್ಬಿ ಕೊಡಲು ಗೋದಾಮಿಗೆ ಹೋಗಿದ್ದೆ. ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು ಹೆಂಗಸರು ಸಾಲಾಗಿ ಕೂತಿದ್ದರು. ಒಬ್ಬಳ ಪಕ್ಕದಲ್ಲಿ ಚೀಲದ ಮೇಲೆ ಮಗು ಮಲಗಿತ್ತು. “ಖಾಲಾ, ಬೆಳಗಿಂದ ನೀರೇ ಕುಡಿದಿಲ್ಲವಲ್ಲ, ಬಾಟಲಿ ಹಾಗೇ ಇದೆ” ಎಂದೆ. ಅವರು ತಲೆ ತಗ್ಗಿಸಿ ಮೆಲ್ಲಗೆ ಹೇಳಿದರು: “ಕುಡದ್ರ ಎಲ್ಲಿಗೆ ಹೋಗ್ಲಿ ಬೇಟಿ?”

ಆ ಗೋದಾಮಿನಲ್ಲಿ ಹೆಂಗಸರಿಗೆ ಶೌಚಾಲಯ ಇರಲಿಲ್ಲ. ಈ ಮಾತು ಓದುವ ನಿಮಗೆ ಇನ್ನೇನೂ ವಿವರಿಸಬೇಕಾಗಿಲ್ಲ ಎಂದುಕೊಂಡಿದ್ದೇನೆ.

ಈಗ ನಾನು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರುತ್ತೇನೆ. ಅದರಲ್ಲಿ ನನ್ನ ತಪ್ಪೂ ಇದೆ.

2011ರ ಫೆಬ್ರವರಿಯಲ್ಲಿ ಜನಗಣತಿಗೆಂದು ಒಬ್ಬ ಶಾಲಾ ಶಿಕ್ಷಕಿ ನಮ್ಮ ಓಣಿಗೆ ಬಂದರು. ಅಂದು ಗೋದಾಮಿಗೆ ರಜೆ. ಖಾಲಾ ಅಂಗಳದಲ್ಲಿ ಕೂತು ಉರಿಯುವ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು. ಉಗುರಿನ ಸುತ್ತ ಚರ್ಮ ಸುಲಿದಿತ್ತು. ಹೆಸರು, ವಯಸ್ಸು, ಓದು ಎಲ್ಲ ಕೇಳಿದ ಮೇಲೆ ಟೀಚರ್, “ಹೋದ ಒಂದು ವರ್ಷದಾಗ ಏನರೆ ಕೆಲಸ ಮಾಡೀರೇನ್ರಿ?” ಎಂದರು. ಖಾಲಾರ ಗಂಡ, “ಇಲ್ರೀ, ಮನಿಯಾಗ ಇರ್ತಾಳ” ಎಂದರು. ಖಾಲಾ ಕೂಡ ಅಂಗೈ ಉಜ್ಜಿಕೊಳ್ಳುತ್ತಲೇ, “ನಂದೇನೈತ್ರಿ, ಮನಿಕೆಲಸ ಅಂತ ಬರಕೋರಿ” ಎಂದರು. ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಮಾತು ಆಡಲಿಲ್ಲ. ನನ್ನ ಸರದಿ ಬಂದಾಗ ನಾನೂ ‘ಗೃಹಿಣಿ’ ಎಂದೇ ಬರೆಸಿದೆ. ಆ ವರ್ಷಪೂರ್ತಿ ಓಣಿಯ ಹೆಣ್ಣುಮಕ್ಕಳಿಗೆ ಚೂಡಿದಾರ್ ಹೊಲಿದುಕೊಟ್ಟು ನನ್ನ ಮಗಳ ಶಾಲಾ ಫೀಸು ಕಟ್ಟಿದವಳು ನಾನು!

ಆ ಪ್ರಶ್ನೆಯ ಬೆಲೆ ನನಗೆ ತಿಳಿದದ್ದು ಬಹಳ ತಡವಾಗಿ. ಜನಗಣತಿಯ ಲೆಕ್ಕದಲ್ಲಿ ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು. ಅದಕ್ಕಿಂತ ಕಡಿಮೆ ದುಡಿದವರೂ ಕೆಲಸಗಾರರೇ, ಆದರೆ ಬೇರೆ ಪಟ್ಟಿಯಲ್ಲಿ. ಸ್ವಂತ ಮನೆಯ ಅಡುಗೆ, ಕಸ, ಮುಸುರೆಯನ್ನಷ್ಟೇ ಮಾಡುವವರು ಕೆಲಸ ಮಾಡದವರ ಪಟ್ಟಿಗೆ ಸೇರುತ್ತಾರೆ. ಮೆಣಸಿನ ಸುಗ್ಗಿ ಸುಮಾರಾಗಿ ಜನವರಿಯಿಂದ ಮೇವರೆಗೆ. ಸರಿಯಾಗಿ ಹೇಳಿದ್ದರೆ ಖಾಲಾ ಕನಿಷ್ಠ ಎರಡನೆಯ ಪಟ್ಟಿಯಲ್ಲಾದರೂ ಇರುತ್ತಿದ್ದರು. ನಮ್ಮ ಮಾತಿನಿಂದ ಅಲ್ಲಿಂದಲೂ ಹೊರಬಿದ್ದರು. ಅದೇ 2011ರಲ್ಲಿ ಬ್ಯಾಡಗಿ ಮೆಣಸಿಗೆ ಭೌಗೋಳಿಕ ಗುರುತಿನ ಮಾನ್ಯತೆ, ಅಂದರೆ ಜಿಐ ಟ್ಯಾಗ್ ದೊರಕಿತು. ಮೆಣಸಿನ ಹೆಸರು ಸರಕಾರಿ ದಾಖಲೆಗೆ ಸೇರಿದ ವರ್ಷವೇ ಅದರ ತೊಟ್ಟು ಬಿಡಿಸುವವಳು ‘ಏನೂ ಕೆಲಸವಿಲ್ಲದವಳು’ ಎಂದು ದಾಖಲಾದಳು.

“ಬರೆಸಿದರೆ ಏನು, ಬಿಟ್ಟರೆ ಏನು?” ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಒಂದು ಊರು ಪಟ್ಟಣ ಪಂಚಾಯತಿಯೋ ಪುರಸಭೆಯೋ ಎಂಬುದು ತಲೆಗಳ ಲೆಕ್ಕದ ಮೇಲೆ ನಿಂತಿದೆ. ಎಲ್ಲಿ ಶೌಚಾಲಯ ಬೇಕು, ಎಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಬೇಕು ಎಂದು ಯೋಚಿಸುವವರು ಮೊದಲು ಕೇಳುವುದು ‘ಎಷ್ಟು ಜನ?’ ಎಂದು. ಮಾರುಕಟ್ಟೆಯ ಹಮಾಲರಿಗೆ, ತೂಕ ಮಾಡುವವರಿಗೆ ಎಪಿಎಂಸಿಯ ಲೈಸೆನ್ಸ್ ಇರುತ್ತದೆ. ಆ ಐದು ವರ್ಷಗಳಲ್ಲಿ ನಾನು ಕಂಡ ತೊಟ್ಟು ಬಿಡಿಸುವ ಹೆಂಗಸರಲ್ಲಿ ಯಾರ ಹತ್ತಿರವೂ ತಾನು ಕೆಲಸಗಾರ್ತಿ ಎಂದು ಹೇಳುವ ಒಂದು ತುಂಡು ಕಾಗದ ಇರಲಿಲ್ಲ. ಲೆಕ್ಕಕ್ಕೆ ಸಿಕ್ಕ ಕೂಡಲೇ ಎಲ್ಲವೂ ಸಿಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಲೆಕ್ಕಕ್ಕೇ ಸಿಗದವರು ಕೇಳುವುದಾದರೂ ಹೇಗೆ?

2014ರಲ್ಲಿ ನಾವು ಊರಿಗೆ ಮರಳಿದೆವು. ಆಮೇಲೆ ಖಾಲಾರನ್ನು ನೋಡಿದ್ದು 2024ರ ಮಾರ್ಚಿನಲ್ಲಿ. ಅವರ ಮೊಮ್ಮಗಳಿಗೆ ಆ ತಿಂಗಳ ಕೊನೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ. ನಾನು ಹೊಲಿದ ಒಂದು ಜೊತೆ ಬಟ್ಟೆ ಹಿಡಿದುಕೊಂಡು ಮಾರ್ಚ್ 11ರ ಸೋಮವಾರ ಹೋಗಿ ಇಳಿದೆ. ಅಂದೇ ಮಾರುಕಟ್ಟೆಯಲ್ಲಿ ಆ ಗಲಾಟೆ. ಮೆಣಸಿನ ದರ ಏಕಾಏಕಿ ಕುಸಿದಿತ್ತು. ಸಿಟ್ಟಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಸಂಜೆಯ ಹೊತ್ತಿಗೆ ಊರ ತುಂಬ ಪೊಲೀಸರು. ವರ್ಷವಿಡೀ ಬೆವರು ಸುರಿಸಿದ ರೈತನ ಸಂಕಟ ಯಾರಿಗಾದರೂ ಅರ್ಥವಾಗುವಂಥದ್ದೇ. ಮರುದಿನದ ಪತ್ರಿಕೆಗಳಲ್ಲಿ ರೈತರ ನಷ್ಟ, ಸುಟ್ಟ ವಾಹನಗಳ ವಿಷಯ ಬಂತು.

ಅಂದು ಸಂಜೆ ರಮಝಾನಿನ ಚಂದ್ರದರ್ಶನವಾಯಿತು. ಖಾಲಾ ಮನೆಯ ಮೆಟ್ಟಿಲ ಮೇಲೆ ಕೂತಿದ್ದರು. ಸೊಸೆಯ ವಾರದ ಕೂಲಿ ಅಂದು ಬರಬೇಕಿತ್ತು, ಗೋದಾಮಿನ ಬಾಗಿಲು ಮುಚ್ಚಿತ್ತು. ಮೊದಲ ಸಹರಿಗೆ ಹಾಲು, ಬಾಳೆಹಣ್ಣು ತರಬೇಕೆಂದುಕೊಂಡ ದುಡ್ಡು ಅದು. ಒಳಗೆ ಮೊಮ್ಮಗಳು ಗಣಿತದ ಪುಸ್ತಕ ಹಿಡಿದು ಕೂತಿದ್ದಳು. ಸುಗ್ಗಿಯೂ ಪರೀಕ್ಷೆಯೂ ಒಂದೇ ಕಾಲಕ್ಕೆ ಬರುತ್ತವೆ. ತಾಯಿ ಗೋದಾಮಿಗೆ ಹೋದರೆ ಮನೆಯ ರೊಟ್ಟಿ ಬಡಿಯುವ ಕೆಲಸ ಹೆಣ್ಣುಮಗುವಿನದು. ಅವಳು ಅದನ್ನೂ ಮಾಡಿ ಓದುತ್ತಿದ್ದಳು. ನಾನು ಪರ್ಸಿಗೆ ಕೈ ಹಾಕಿದಾಗ ಖಾಲಾ ನನ್ನ ಕೈ ಹಿಡಿದರು. “ಬ್ಯಾಡ ಬೇಟಿ. ಅಕಿ ದುಡದದ್ದು ಐತಿ, ಇವತ್ತಲ್ಲ ನಾಳೆ ಬರ್ತೈತಿ” ಎಂದರು. ಆ ಅಂಗೈ ಮರದ ತೊಗಟೆಯಂತಿತ್ತು.

ಗೋದಾಮಿಗೆ ಹೋಗುವುದನ್ನು ಆಗಲೇ ಬಿಟ್ಟಿದ್ದರು. ಕಣ್ಣು ಮಂಜಾಗಿತ್ತು, ಕೆಮ್ಮು ಬಿಟ್ಟಿರಲಿಲ್ಲ. ಅಸಂಘಟಿತ ಕಾರ್ಮಿಕರ ಇ-ಶ್ರಮ್ ನೋಂದಣಿ 2021ರಲ್ಲಿ ಶುರುವಾದಾಗ ಸೊಸೆ ಹೆಸರು ಬರೆಸಿದ್ದಳು. ಅದು 59 ವರ್ಷದವರೆಗಿನವರಿಗೆ, ಖಾಲಾರಿಗೆ ಅರುವತ್ತು ದಾಟಿತ್ತು. ಇಷ್ಟು ವರ್ಷ ದುಡಿದ ಖಾಲಾರ ಹೆಸರು ಕೆಲಸಗಾರ್ತಿ ಎಂದು ಎಲ್ಲೂ ಬರೆದುಕೊಳ್ಳಲ್ಪಡದೆ ಹೋಯಿತು. ಇದನ್ನು ನೆನೆದರೆ ಈಗಲೂ ನನಗೆ ಆ ಅಂಗಳದಲ್ಲಿ ಬಾಯಿಮುಚ್ಚಿ ನಿಂತದ್ದು ಕಣ್ಣಮುಂದೆ ಬರುತ್ತದೆ.

2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದಕ್ಕೆ ಹೋಗಿ, ಜನರ ಎಣಿಕೆಯನ್ನು 2027ರ ಫೆಬ್ರವರಿಗೆ ಗೊತ್ತುಮಾಡಲಾಯಿತು. ಆ ಸುದ್ದಿ ಓದಿದ ದಿನ ಖಾಲಾರಿಗೆ ಫೋನ್ ಮಾಡಿದೆ. “ಖಾಲಾ, ಈ ಸಲ ಬರೆದುಕೊಳ್ಳಲು ಬಂದರೆ ಸೊಸೆಯದು ಏನೆಂದು ಹೇಳುತ್ತೀರಿ?” ಎಂದು ಕೇಳಿದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ನಿಜವಾಗಿಯೂ ಗೊತ್ತಿಲ್ಲದವರಂತೆ ಕೇಳಿದರು: “ಮೆಣಸಿನಕಾಯಿ ತುಂಬು ಬಿಡಸ್ತಾಳ ಅಂತ ಹೇಳಬೇಕೇನ? ಅದನ್ನೂ ಬರಕೋತಾರೇನ?”

“ಬರೆದುಕೊಳ್ಳುತ್ತಾರೆ ಖಾಲಾ, ನಾವು ಹೇಳಬೇಕು ಅಷ್ಟೇ” ಎಂದೆ.

ಸಹೋದರಿಯರೇ, ಮೆಣಸಿನ ತೊಟ್ಟು ಬಿಡಿಸುವವರು ಬ್ಯಾಡಗಿಯಲ್ಲಿದ್ದರೆ ಬೀಡಿ ಕಟ್ಟುವವರು ನಮ್ಮ ಮನೆಗಳಲ್ಲೇ ಇದ್ದಾರೆ. ಹೊಲಿಯುವವರು, ಟ್ಯೂಶನ್ ಹೇಳುವವರು, ಉಪ್ಪಿನಕಾಯಿ ಮಾಡಿ ಮಾರುವವರು, ಗಂಡನ ಅಂಗಡಿಯಲ್ಲಿ ಸಂಬಳವಿಲ್ಲದೆ ಕೂರುವವರು ಇದ್ದಾರೆ. ಎಣಿಕೆಯವರು ನಿಮ್ಮ ಬಾಗಿಲಿಗೆ ಬಂದು ಏನು ಕೆಲಸ ಎಂದು ಕೇಳಿದಾಗ ಗಂಡಸರು ಉತ್ತರಿಸುವವರೆಗೆ ಕಾಯಬೇಡಿ. ಮಾಡುತ್ತಿರುವುದನ್ನು ಮಾಡುತ್ತಿದ್ದೇನೆ ಎಂದು ಹೇಳಿ. ಪಕ್ಕದ ಮನೆಯಾಕೆ ‘ನನ್ನದೇನಿದೆ’ ಎಂದರೆ ನನ್ನ ಹಾಗೆ ಸುಮ್ಮನೆ ನಿಲ್ಲಬೇಡಿ.

ನಮ್ಮ ಅಡುಗೆಮನೆಯ ಡಬ್ಬದಲ್ಲಿ ಈಗಲೂ ಬ್ಯಾಡಗಿ ಮೆಣಸಿದೆ. ಅದರ ತೊಟ್ಟು ತೆಗೆಯುವಾಗ ಮಗಳು ಕೈ ಉರಿಯುತ್ತದೆ ಎಂದರೆ ಕೊಬ್ಬರಿ ಎಣ್ಣೆ ಕೊಡುತ್ತೇನೆ, ಜೊತೆಗೆ ಖಾಲಾರ ಕಥೆಯನ್ನೂ ಹೇಳುತ್ತೇನೆ.