ಹಾಟ್ ಟಬ್ ರಿಪೇರಿಗೆ ಹೋಗಿದ್ದೆ

ಗೆಳೆಯರೇ, ಹದಿನೈದು ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. "ಎಲ್ಲಿ ಹೋದ್ರಿ ಅಣ್ಣ, ಹೋರಾಟ ಬಿಟ್ರಾ?" ಅಂತ ಇಬ್ಬರು ಇನ್‌ಬಾಕ್ಸಿಗೆ ಬಂದು ಕೇಳಿದ್ರು. ಬಿಟ್ಟಿಲ್ಲ. ಹೊಟ್ಟೆಪಾಡಿಗೆ ಹೋಗಿದ್ದೆ. ಸಭೆಯಲ್ಲಿ ಮೈಕ್ ಹಿಡಿದ ನನ್ನನ್ನ ನೋಡಿದವರಿಗೆ ನಾನು ಐಟಿಐ ಮಾಡಿದ ಎಲೆಕ್ಟ್ರಿಷಿಯನ್ ಅನ್ನೋದು ಮರೆತುಹೋಗಿರುತ್ತೆ. ಮೋಟರು, ಪಂಪು, ಹೀಟರು, ಇವೇ ನನ್ನ ಮನೆ ನಡೆಸೋದು.

ಈ ಸಲ ಕೆಲಸ ಸಿಕ್ಕಿದ್ದು ಸಕಲೇಶಪುರದ ಕಡೆ, ಕಾಫಿ ತೋಟದ ನಡುವಿನ ಒಂದು ರೆಸಾರ್ಟಿನಲ್ಲಿ. 2020ರ ಲಾಕ್‌ಡೌನ್‌ಗೆ ಬಾಗಿಲು ಹಾಕಿದ್ದು, ಈಗ ಮಾಲೀಕರು ಬದಲಾಗಿ ಮತ್ತೆ ತೆರೀತಿದ್ದಾರೆ. ಅಲ್ಲೊಂದು ಹಾಟ್ ಟಬ್ ಇದೆ. ಅಂದ್ರೆ ಎಂಟು ಜನ ಸುತ್ತ ಕೂತು ಕುತ್ತಿಗೆವರೆಗೆ ಬಿಸಿನೀರಲ್ಲಿ ಮುಳುಗೋ ತೊಟ್ಟಿ. ಗೋಡೆಯ ತೂತುಗಳಿಂದ ನೀರು ಗಾಳಿ ಸೇರಿ ಬೆನ್ನಿಗೆ ಹೊಡೆಯುತ್ತೆ. ಅಂಚಿನಿಂದ ಉಕ್ಕಿದ ನೀರು ನೆಲದ ಕೆಳಗಿನ ಒಂದು ಟ್ಯಾಂಕಿಗೆ ಇಳಿಯುತ್ತೆ, ಅಲ್ಲಿಂದ ಪಂಪು ಎಳೆದು ಫಿಲ್ಟರಿಗೂ ಹೀಟರಿಗೂ ಕಳಿಸಿ ಮತ್ತೆ ತೊಟ್ಟಿಗೆ ಬಿಡುತ್ತೆ. ಆ ಕೆಳಗಿನ ಟ್ಯಾಂಕಿಗೆ ಬ್ಯಾಲೆನ್ಸ್ ಟ್ಯಾಂಕ್ ಅಂತಾರೆ. ನಾನು ಹೇಳಬೇಕಾಗಿರೋದು ಅದರ ಬಗ್ಗೆ.

ಮೊದಲ ಎರಡು ದಿನ ನನ್ನ ಕೆಲಸ. ಮೇನ್ ತೆಗೆದು ನೋಡಿದೆ. ಪಂಪು ಗುಂಯ್ ಅಂತಿತ್ತು, ತಿರುಗ್ತಿರಲಿಲ್ಲ. ವರ್ಷಗಟ್ಟಲೆ ನಿಂತ ಮೋಟರಿನ ಶಾಫ್ಟು ಹಿಡಿದುಕೊಂಡಿರುತ್ತೆ. ಕರೆಂಟು ಕಟ್ ಮಾಡಿ ಹಿಂದಿನ ಫ್ಯಾನ್ ಕಡೆಯಿಂದ ಕೈಯಲ್ಲೇ ತಿರುಗಿಸಿ ಬಿಡಿಸಿದೆ. ಕೆಪಾಸಿಟರ್ ಬದಲಾಯಿಸಿದೆ. ಒಣಗಿ ಬಿರಿದಿದ್ದ ಮೆಕ್ಯಾನಿಕಲ್ ಸೀಲ್ ಹೊಸದು ಹಾಕಿದೆ. ಹೀಟರ್ ಎಲಿಮೆಂಟಿಗೆ ಮೆಗ್ಗರ್ ಹಚ್ಚಿದ್ರೆ ಮುಳ್ಳು ಏಳಲೇ ಇಲ್ಲ, ಒಳಗೆ ತೇವ ಹಿಡಿದು ಇನ್ಸುಲೇಷನ್ ಹೋಗಿತ್ತು. ಅದನ್ನೂ ಬದಲಾಯಿಸಿ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಟ್ರಿಪ್ ಆಗುತ್ತಾ ಅಂತ ಪರೀಕ್ಷೆ ಮಾಡಿದೆ. ನೀರಲ್ಲಿ ಕೂತವನಿಗೂ ಕರೆಂಟಿಗೂ ಮಧ್ಯೆ ಕಾವಲಿಗಿರೋದು ಅದೂ ಅರ್ಥಿಂಗೂ ಅಷ್ಟೇ.

ಮೂರನೇ ದಿನ ಬೆಳಿಗ್ಗೆ ಹೋದಾಗ ಬ್ಯಾಲೆನ್ಸ್ ಟ್ಯಾಂಕಿನ ಮುಚ್ಚಳ ತೆಗೆದಿದ್ರು. ಎರಡಡಿ ಬಾಯಿ, ಏಳಡಿ ಆಳ. ಮೊಣಕಾಲೆತ್ತರ ಕಪ್ಪು ನೀರು, ಕೊಳೆತ ಎಲೆ, ತಳದಲ್ಲಿ ಕೆಸರು. ಮೊಟ್ಟೆ ಕೊಳೆತ ವಾಸನೆ. ಬಾಯಿ ಹತ್ತಿರ ಒಬ್ಬ ಹುಡುಗ ಪ್ಯಾಂಟು ಮಡಚಿಕೊಂಡು ನಿಂತಿದ್ದ. ಹತ್ತೊಂಬತ್ತೋ ಇಪ್ಪತ್ತೋ ಇರಬಹುದು. ಒಂದು ಕೈಯಲ್ಲಿ ಬಕೆಟ್ಟು, ಬಕೆಟ್ಟಿನಲ್ಲಿ ಬ್ಲೀಚಿಂಗ್ ಪೌಡರು. ಪಕ್ಕದಲ್ಲಿ ಆಸಿಡ್ ಬಾಟಲಿ.

ರೆಸಾರ್ಟಿನಲ್ಲಿ ಆವತ್ತು ಏಳೆಂಟು ಜನ ಕೆಲಸದವರಿದ್ರು. ಮೇಸ್ತ್ರಿಗಳಿದ್ರು, ಪೇಂಟರಿದ್ರು, ತೋಟದವರಿದ್ರು. ಸೂಪರ್‌ವೈಸರ್ ಕರೆಸಿದ್ದು ಮಾತ್ರ ಲೈನ್ ಮನೆಯ ಈ ಹುಡುಗನನ್ನ. ಯಾರೂ ಜಾತಿ ಕೇಳಲಿಲ್ಲ. ಕೇಳೋ ಅಗತ್ಯವೂ ಇರಲಿಲ್ಲ. ಯಾವ ಕೆಲಸಕ್ಕೆ ಯಾವ ಬಾಗಿಲು ತಟ್ಟಬೇಕು ಅಂತ ಊರಿಗೆ ಊರೇ ಬಾಯಿಪಾಠ ಮಾಡಿಕೊಂಡಿರುತ್ತೆ.

"ಇಳೀಬೇಡ" ಅಂದೆ.

"ಹತ್ತು ನಿಮಿಷದ ಕೆಲ್ಸ ಅಣ್ಣ" ಅಂದ ಹುಡುಗ.

"ಇದೇನು ಕಕ್ಕಸ್ ಗುಂಡೀನಾ? ಸ್ನಾನದ ನೀರು ಕಣ್ರೀ" ಅಂದ ಸೂಪರ್‌ವೈಸರ್.

ಇಲ್ಲಿ ನಿಮಗೊಂದು ಸತ್ಯ ಹೇಳಬೇಕು. ನಾಲ್ಕು ವರ್ಷದ ಹಿಂದೆ ನಾನೇ ಒಂದು ಮನೆಯ ಸಂಪಿಗೆ ಫುಟ್‌ವಾಲ್ವ್ ತೆಗೆಯೋಕೆ ನನ್ನ ಹೆಲ್ಪರ್ ಹುಡುಗನನ್ನ ಇಳಿಸಿದ್ದೆ. ಅದೂ ತಿಂಗಳುಗಟ್ಟಲೆ ಮುಚ್ಚಿದ್ದ ಸಂಪು. ಅವನು ನಮ್ಮ ಕೇರಿಯವನೇ. ಹತ್ತು ನಿಮಿಷ ಅಂತಲೇ ಹೇಳಿದ್ದೆ. ಅವನು ಮೇಲೆ ಬಂದು ತಲೆ ಸುತ್ತುತ್ತೆ ಅಂದ. ಟೀ ಕುಡಿ ಹೋಗು ಅಂದೆ. ಅವತ್ತು ಸಂಜೆಯೇ ಮಲ ಹೊರುವ ಪದ್ಧತಿ ವಿರುದ್ಧದ ಸಭೆಯಲ್ಲಿ ಭಾಷಣ ಮಾಡಿದೆ. ಕೋಲಾರ ಚಿನ್ನದ ಗಣಿಯ ಮಣ್ಣಿನಿಂದ ಎದ್ದು ಬಂದ ಬೆಜವಾಡ ವಿಲ್ಸನ್ ಅವರ ಹೋರಾಟದ ಬಗ್ಗೆ ಮಾತಾಡಿ ಚಪ್ಪಾಳೆಯೂ ತಗೊಂಡೆ. ಆ ಹುಡುಗ ಮುಂದಿನ ಸಾಲಲ್ಲೇ ಕೂತಿದ್ದ. ನನಗೆ ಎರಡೂ ಒಂದೇ ವಿಷಯ ಅಂತ ಹೊಳೆದೇ ಇರಲಿಲ್ಲ.

ಹೊಳೆದಿದ್ದು ಆಮೇಲೆ, ಮುಚ್ಚಿದ ಟ್ಯಾಂಕು ಹೇಗೆ ಕೊಲ್ಲುತ್ತೆ ಅಂತ ಕೂತು ಓದಿದಾಗ. ನಿಂತ ನೀರಲ್ಲಿ ಎಲೆ, ಕೊಳೆ ಕೊಳೆಯುವಾಗ ಅಲ್ಲಿರೋ ಆಮ್ಲಜನಕ ಖರ್ಚಾಗುತ್ತೆ. ನಾವು ಉಸಿರಾಡೋ ಗಾಳಿಯಲ್ಲಿ ಅದು ಸುಮಾರು 20.9 ಶೇಕಡಾ ಇರುತ್ತೆ. 19.5ಕ್ಕಿಂತ ಕೆಳಗೆ ಹೋದ್ರೆ ಮನುಷ್ಯ ಇಳಿಯಬಾರದ ಜಾಗ ಅಂತ ಲೆಕ್ಕ. ಆಮ್ಲಜನಕ ಮುಗಿದ ಮೇಲೆ ಬದುಕೋ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಮೊಟ್ಟೆ ಕೊಳೆತ ವಾಸನೆ ಅದರದ್ದೇ. ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತೆ. ಜಾಸ್ತಿ ಆದ್ರೆ ಮೂಗೇ ಮರಗಟ್ಟುತ್ತೆ. ವಾಸನೆ ಹೋಯ್ತು ಅಂತ ಇಳಿದವನು ಅಲ್ಲೇ ಬೀಳ್ತಾನೆ. ಅವನನ್ನ ಎತ್ತೋಕೆ ಇಳಿದವನೂ ಬೀಳ್ತಾನೆ. ಪೇಪರಿನಲ್ಲಿ ಇಬ್ಬರು, ಮೂವರು ಒಟ್ಟಿಗೆ ಸತ್ತ ಸುದ್ದಿ ಯಾಕೆ ಬರುತ್ತೆ ಅಂತ ಈಗ ಗೊತ್ತಾಯ್ತಲ್ಲ. ದೀಪ ಇಳಿಸಿ ನೋಡೋ ಹಳೇ ಪದ್ಧತಿ ನಂಬಬೇಡಿ. ಈ ಅನಿಲ ಬೆಂಕಿಗೆ ಹತ್ತಿಕೊಳ್ಳುತ್ತೆ, ಮನುಷ್ಯನನ್ನ ಕೊಲ್ಲುವಷ್ಟು ಇದ್ದಾಗಲೂ ದೀಪ ಸುಮ್ಮನೆ ಉರೀತಿರಬಹುದು. ಅಳೆಯೋಕೆ ಗ್ಯಾಸ್ ಮೀಟರೇ ಬೇಕು. ಇನ್ನು ಬ್ಲೀಚಿಂಗ್ ಪೌಡರಿಗೆ ಆಸಿಡ್ ಬಿದ್ರೆ ಕ್ಲೋರಿನ್ ಅನಿಲ ಏಳುತ್ತೆ. ಆ ಹುಡುಗನ ಕೈಗೆ ಕೊಟ್ಟಿದ್ದು ಅದೇ ಎರಡು.

ಸೂಪರ್‌ವೈಸರ್‌ಗೆ ಇದನ್ನೆಲ್ಲ ಹೇಳಿದೆ. 2013ರ ಕಾಯ್ದೆಯ ಮಾತೂ ತೆಗೆದೆ. ಚರಂಡಿ, ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆಗೆ ಜನರನ್ನ ಹಚ್ಚಿದ್ರೆ ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ ಅಂದೆ. "ಇದು ಸೆಪ್ಟಿಕ್ ಟ್ಯಾಂಕ್ ಅಲ್ವಲ್ಲ" ಅಂದ. ಕಾಯ್ದೆಯ ಪದ ಹಿಡಿದು ನೋಡಿದ್ರೆ ಅವನು ಹೇಳಿದ್ದು ಸರಿಯೇ. ಆದ್ರೆ ಒಳಗಿನ ಗಾಳಿ ಆ ಪದ ಓದಿರೋದಿಲ್ಲ. "ಇವನು ಇಳಿದ್ರೆ ನಾನು ಟೂಲ್ಸ್ ಎತ್ಕೊಂಡು ಹೊರಡ್ತೀನಿ, ಪಂಪು ನೀವೇ ಜೋಡಿಸ್ಕೊಳ್ಳಿ" ಅಂದೆ. ಅದು ಮಾತ್ರ ಅರ್ಥ ಆಯ್ತು.

ಹಾಗಾದ್ರೆ ಟ್ಯಾಂಕು ಹೇಗೆ ತೊಳೆದಿರಿ ಅಂತ ಕೇಳ್ತೀರಿ. ಕಷ್ಟ ಏನಿಲ್ಲ. ಪೇಟೆಯಿಂದ ಕೆಸರೆತ್ತೋ ಪಂಪು ಬಾಡಿಗೆಗೆ ತಂದು ಹಗ್ಗ ಕಟ್ಟಿ ಇಳಿಸಿದೆವು. ಮೇಲೆ ನಿಂತು, ಬಾಯಿಂದ ದೂರ ಸರಿದು, ಗಾಳಿ ಬೀಸೋ ಕಡೆಗೆ ಬೆನ್ನು ಹಾಕಿ ಉದ್ದ ಪೈಪಿನಲ್ಲಿ ಪ್ರೆಷರ್ ನೀರು ಹೊಡೆದೆವು. ಕೆಸರು ಕದಡಿದಾಗಲೇ ಅನಿಲ ಏಳೋದು, ಅದಕ್ಕೇ ದೂರ. ತಳದ ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡಿತ್ತು. ಪಂಪ್ ರೂಮಿನ ಕಡೆಯಿಂದ ಉಲ್ಟಾ ನೀರು ಬಿಟ್ಟೆ, ತಳ್ಳಿಕೊಂಡು ಬಂತು. ಮೂರು ಸಲ ತುಂಬಿ ಖಾಲಿ ಮಾಡಿದೆವು. ಒಬ್ಬರೂ ಇಳಿಯಲಿಲ್ಲ. ಒಂದೂವರೆ ದಿನ ಜಾಸ್ತಿ ಹಿಡೀತು, ಅಷ್ಟೇ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಚರಂಡಿ ಸಾವಿನ ಪರಿಹಾರ ಹತ್ತು ಲಕ್ಷದಿಂದ ಮೂವತ್ತು ಲಕ್ಷಕ್ಕೆ ಏರಿಸಿತು. ಸತ್ತ ಮೇಲಿನ ಬೆಲೆ ಅದು. ಸಾಯದೇ ಇರೋಕೆ ಬೇಕಾಗಿದ್ದು ಒಂದೂವರೆ ದಿನ, ಒಂದು ಬಾಡಿಗೆ ಪಂಪು.

ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದ್ರು. ಆಮೇಲೆ ಊರಿನ ಸವರ್ಣೀಯರು ಸಗಣಿ, ಗಂಜಲ ಸುರಿದು ಆ ಕೆರೆಯನ್ನ 'ಶುದ್ಧಿ' ಮಾಡಿದ್ರು. ನಾವು ಮುಟ್ಟಿದ ನೀರನ್ನ ಅವರು ಶುದ್ಧ ಮಾಡ್ತಾರೆ, ಅವರು ಮಿಂದು ಬಿಟ್ಟ ನೀರನ್ನ ಶುದ್ಧ ಮಾಡೋಕೆ ನಮ್ಮನ್ನ ಇಳಿಸ್ತಾರೆ. ನೂರು ವರ್ಷಕ್ಕೆ ಇನ್ನೇನೂ ಬಾಕಿ ಇಲ್ಲ.

ನನ್ನ ಅವ್ವ ಗೌಡರ ಮನೆಯಲ್ಲಿ ಬಚ್ಚಲ ಒಲೆಗೆ ಉರಿ ಹಾಕ್ತಿದ್ದಳು. ಮಲೆನಾಡಿನ ಹಳೇ ಮನೆಗಳಲ್ಲಿ ನೋಡಿರಬಹುದು, ಹಂಡೆ ಒಳಗೆ, ಒಲೆಯ ಬಾಯಿ ಗೋಡೆಯಾಚೆ ಹೊರಗೆ. ಉರಿ ಹಾಕುವವಳು ಒಳಗೆ ಕಾಲಿಡೋ ಅಗತ್ಯವೇ ಇಲ್ಲ. ಮಳೆಗಾಲದ ಬೆಳಿಗ್ಗೆ ಹಸಿ ಸೌದೆ ಊದಿ ಊದಿ ಅವ್ವನ ಕಣ್ಣು ಕೆಂಪಾಗ್ತಿತ್ತು. ಮನೆಗೆ ಬಂದು ಅವಳು ಮೀಯ್ತಿದ್ದಿದ್ದು ತಣ್ಣೀರಲ್ಲೇ.

ಮುಂದಿನ ದಿನಗಳು ಪೈಪಿನ ಒಳಗಿನ ಲೋಳೆ ತೆಗೆಯೋಕೆ. ಇದು ಕಣ್ಣಿಗೆ ಕಾಣೋದಿಲ್ಲ, ಹಾಗಾಗಿ ಬಿಟ್ಟುಬಿಡ್ತಾರೆ. ಬೆಚ್ಚಗಿನ ನೀರಿನ ಲೋಳೆಯಲ್ಲಿ ಲೀಜನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆದು, ಗುಳ್ಳೆ ಒಡೆದಾಗ ಏಳೋ ಹನಿಯ ಜೊತೆ ಉಸಿರಿಗೆ ಹೋದ್ರೆ ನ್ಯುಮೋನಿಯಾ ಬರುತ್ತೆ. ತುಂಬಿಸಿ, ಕ್ಲೋರಿನ್ ಜಾಸ್ತಿ ಹಾಕಿ, ಎಲ್ಲ ಜೆಟ್ಟುಗಳನ್ನೂ ಓಡಿಸಿ, ಚೆಲ್ಲಿ, ಮತ್ತೆ ತುಂಬಿಸಿದೆವು. ಎರಡು ಸಲ ಕಂದು ಬಣ್ಣದ ಪದರ ತೇಲಿ ಬಂತು. ಮೂರನೇ ಸಲ ಬರಲಿಲ್ಲ. ಫಿಲ್ಟರ್ ಮರಳೂ ಹೊಸದು. ಕೊನೆಗೆ ಪಿಎಚ್ 7.4, ಕ್ಲೋರಿನ್ 3 ಪಿಪಿಎಂ, ಉಷ್ಣತೆ 38 ಡಿಗ್ರಿ. 40 ದಾಟಬಾರದು ಅಂತ ಥರ್ಮೋಸ್ಟಾಟ್ ಲಾಕ್ ಮಾಡಿದೆ.

ಅಷ್ಟು ದಿನವೂ ಆ ಹುಡುಗ ನನ್ನ ಜೊತೆಗೇ ಇದ್ದ. ಹೆಲ್ಪರ್ ಅಂತ ದಿನಗೂಲಿ ಬರೆಸಿದ್ದೆ. ಮೆಗ್ಗರ್ ಹಿಡಿಯೋದು, ನೀರಿನ ಸ್ಟ್ರಿಪ್ ಅದ್ದಿ ಬಣ್ಣ ನೋಡೋದು ಕಲಿತ. ಕೊನೇ ದಿನ ಬ್ಲೋವರ್ ಆನ್ ಮಾಡಿ, "ಜೆಟ್ಟುಗಳು ಬಿಸಿ ಬರ್ತಿವೆಯಾ ನೋಡು" ಅಂದೆ. ಮೊಣಕೈವರೆಗೆ ಕೈ ಮುಳುಗಿಸಿದ. ಒಂದೊಂದೇ ಜೆಟ್ಟಿನ ಮುಂದೆ ಕೈ ಹಿಡಿದು ಎಣಿಸಿಕೊಂಡು ಸುತ್ತ ಬಂದ. ಸೂಪರ್‌ವೈಸರ್ ಬಾಗಿಲಲ್ಲಿ ನಿಂತು ನೋಡ್ತಿದ್ದ. ಏನೋ ಅನ್ನೋಕೆ ಬಾಯಿ ತೆಗೆದು, ನನ್ನ ಮುಖ ನೋಡಿ ಸುಮ್ಮನಾದ.

"ಹದಿನಾರೂ ಬರ್ತಿವೆ ಅಣ್ಣ" ಅಂದ ಹುಡುಗ.

ಬಿಲ್ಲಿನ ಕೆಳಗೆ ಒಂದು ಸಾಲು ಬರೆದು ಸಹಿ ಹಾಕಿಸಿಕೊಂಡು ಬಂದಿದ್ದೀನಿ: "ಬ್ಯಾಲೆನ್ಸ್ ಟ್ಯಾಂಕಿಗೆ ಯಾರನ್ನೂ ಇಳಿಸಬಾರದು." ಊರಿಗೆ ಬಂದ ಮೇಲೆ ನನ್ನ ಹಳೇ ಹೆಲ್ಪರ್ ಮನೆಗೂ ಹೋಗಿ ತಪ್ಪಾಯ್ತು ಅಂದೆ. "ಯಾವ ಸಂಪು ಅಣ್ಣ?" ಅಂದ. ಅವನಿಗೆ ಅದು ನೆನಪೇ ಇಲ್ಲ. ಅಂಥವು ಅಷ್ಟು ಇಳಿದಿದ್ದಾನೆ.

ನಿಮ್ಮ ಅಪಾರ್ಟ್‌ಮೆಂಟು, ಹಾಸ್ಟೆಲ್ಲು, ಕಲ್ಯಾಣಮಂಟಪಗಳಲ್ಲಿ ಮುಚ್ಚಿದ ಸಂಪು, ಎಸ್‌ಟಿಪಿ, ಟ್ಯಾಂಕು ತೆರೀತಿದ್ರೆ ಒಂದು ನಿಮಿಷ ನಿಂತು ನೋಡಿ. ಯಾರನ್ನ ಇಳಿಸ್ತಿದ್ದಾರೆ ಅಂತ ನೋಡಿ. ಬೇಡ ಅನ್ನಿ. ಪ್ಲಂಬಿಂಗ್, ಎಲೆಕ್ಟ್ರಿಕಲ್ ಕೆಲಸದಲ್ಲಿರೋ ನಮ್ಮ ಹುಡುಗರೇ, ಇದು ಮೊದಲು ನಮಗೆ ನಾವೇ ಹೇಳಿಕೊಳ್ಳಬೇಕಾದ ಮಾತು.

ಜೈಭೀಮ್.