ಮೇಲುಕೋಟೆಯ ಹಿತ್ತಿಲಲ್ಲಿ ಒಂದಿರುಳು

ವೈಶಾಖದ ಕೃಷ್ಣಪಕ್ಷದಲ್ಲಿ ಮೇಲುಕೋಟೆಯ ಮಿತ್ರರಲ್ಲಿಗೆ ಹೋಗಿದ್ದೆನು. ನರಸಿಂಹಸ್ವಾಮಿಯ ಬೆಟ್ಟವು ಕತ್ತಲಲ್ಲಿ ಕರಗಿದ ಮೇಲೆ ಹಿತ್ತಿಲಲ್ಲಿ ಕುಳಿತೆವು. ಉತ್ತರದಲ್ಲಿ ಸಪ್ತರ್ಷಿಗಳು. ವಸಿಷ್ಠನ ಮಗ್ಗುಲಲ್ಲಿ ಅರುಂಧತಿಯನ್ನು ಅರಸಿದೆನು. ಮುಪ್ಪಿನ ಕಣ್ಣಿಗೆ ಕಾಣಿಸಲಿಲ್ಲ. ಮದುವೆಯಂದು ಹಗಲ ಬಾನಿಗೆ ಬೆರಳೆತ್ತಿ ತೋರಿಸಿದಾಗ ನನ್ನಾಕೆಯು ಕಂಡೆನೆಂದು ತಲೆದೂಗಿದ್ದಳು! ಈಗ ಆಕೆಯಿಲ್ಲ. ಮಿತ್ರರು ದುರ್ಬೀನನ್ನು ಕೈಗಿತ್ತರು. ಜೋಡಿ ತಾರೆಗಳು ಒಡನೆ ಬೇರ್ಪಟ್ಟುವು. ಆ ಬೆಳಕು ಅಲ್ಲಿಂದ ಹೊರಟು ಸುಮಾರು 80 ವರ್ಷಗಳಾದುವು. ಆಗ ನಾನಿನ್ನೂ ಹುಟ್ಟಿರಲಿಲ್ಲ.

ಬಳಿಕ ಅವರು ಪರವಾನಗಿ ಪಡೆದ ತಮ್ಮ ಹವ್ಯಾಸಿ ರೇಡಿಯೋ ಯಂತ್ರವನ್ನು ತೆರೆದರು. ಶಕ್ತಿಯು ಕೇವಲ 5 ವ್ಯಾಟ್. ಹಳೆಯ ಬುರುಡೆದೀಪಕ್ಕೂ ಸಾಲದೆಂದು ನಕ್ಕೆನು. ಹುಣಿಸೆಯ ಮರಕ್ಕೆ ಕಟ್ಟಿದ ತಂತಿಯಿಂದ ಹೊರಟ ಮೋರ್ಸ್ ಸಂಕೇತವು ಆಗಸದ ಮೇಲಣ ಅಯಾನುಗೋಳಕ್ಕೆ ತಾಗಿ ದೂರದ ನೆಲಕ್ಕಿಳಿಯುವುದು. ಮೂರು ಸಲ ಕರೆದರೂ ನಿಶ್ಶಬ್ದ. ನಾಲ್ಕನೆಯದಕ್ಕೆ ಕೊಲಂಬೊದಿಂದ ಯಾರೋ ಕ್ಷೀಣವಾಗಿ ಓಗೊಟ್ಟರು. ಉಸಿರು ಬಿಗಿಹಿಡಿದು ಕೇಳಿದೆನು. ದುರ್ಬೀನು ಮಡಿಲಲ್ಲೇ ಇದ್ದಿತು.