ಕೆಸರಿನೊಳಗಿನ ಜೀವರಾಶಿ

ಅಹಿಂಸೆಯೆಂದರೆ ಕಣ್ಣಿಗೆ ಕಾಣುವ ಪ್ರಾಣಿಯನ್ನು ಕೊಲ್ಲದಿರುವುದಷ್ಟೇ ಅಲ್ಲ. ಪೃಥ್ವಿ, ಅಪ್, ತೇಜ, ವಾಯು, ವನಸ್ಪತಿಗಳಲ್ಲಿಯೂ ಏಕೇಂದ್ರಿಯ ಜೀವಗಳಿವೆಯೆಂದು ಜಿನಾಗಮವು ಸಾರುತ್ತದೆ. ಬಾಲ್ಯದಿಂದಲೂ ಇದನ್ನು ಬಾಯಿಪಾಠ ಮಾಡಿದ್ದ ಕುಂದಾಪುರದ ವೃದ್ಧ ವರ್ತಕರೊಬ್ಬರಿಗೆ ಅದರ ಅರ್ಥ ಹೊಳೆದುದು ಒಂದು ದೋಣಿಯಲ್ಲಿ.

ಪಂಚಗಂಗಾವಳಿಯ ಹಿನ್ನೀರಿನಂಚಿನಲ್ಲಿ ಅವರಿಗೆ ಪಿತ್ರಾರ್ಜಿತವಾದ ತುಂಡು ಜೌಗು ನೆಲವಿತ್ತು. ಮಣ್ಣು ತುಂಬಿಸಿ ಕಟ್ಟಡ ಕಟ್ಟಲು ಒಬ್ಬರು ಒಳ್ಳೆಯ ಬೆಲೆ ಹೇಳಿ ಮುಂಗಡವನ್ನೂ ಕೊಟ್ಟಿದ್ದರು. ಅಂಗಡಿಯ ಸಾಲ ತೀರಿಸಲು ಆ ಹಣ ಬೇಕೇ ಬೇಕಿತ್ತು. ಕರಾರಿಗೆ ಸಹಿ ಹಾಕುವ ಮುನ್ನ ಗಡಿ ನೋಡಿಬರಲೆಂದು ಅವರು ಮೊಮ್ಮಗಳೊಡನೆ ಹೊರಟರು.

ಸೌಪರ್ಣಿಕಾ, ವಾರಾಹಿ, ಚಕ್ರಾ, ಕೇದಕಾ, ಕುಬ್ಜಾ ಎಂಬ ಐದು ಹೊಳೆಗಳು ಗಂಗೊಳ್ಳಿಯ ಬಳಿ ಕಡಲು ಸೇರುವ ಅಳಿವೆಯದು. ನೀರು ಇಳಿದಿತ್ತು. ಕಾಂಡ್ಲಾ ಗಿಡಗಳ ಉಸಿರುಬೇರುಗಳು ಕೆಸರಿನಿಂದ ಮೇಲೆದ್ದಿದ್ದವು. ತಾಯಿಗಿಡದಲ್ಲಿಯೇ ಮೊಳೆತ ಕೋಡುಗಳು ಕೊಂಬೆಗಳಲ್ಲಿ ತೂಗುತ್ತಿದ್ದವು. ಏಡಿಗಳು ಬಿಲ ಸೇರಿದವು. ಬೆಳ್ಳಕ್ಕಿ ಅಲುಗದೆ ನಿಂತಿತ್ತು. ನೀರುನಾಯಿಯೊಂದು ತಲೆಯೆತ್ತಿ ನೋಡಿ ಮುಳುಗಿತು.

ಕಾಲೇಜಿನಲ್ಲಿ ವಿಜ್ಞಾನ ಓದುವ ಮೊಮ್ಮಗಳು ಹೇಳಿದಳು: ಈ ಕೆಸರಿಗೆ ಗಾಳಿ ತಾಗದು, ಬಿದ್ದ ಎಲೆ ಬೇಗ ಕೊಳೆಯದೆ ಶತಮಾನಗಳ ಕಾಲ ಇಂಗಾಲವನ್ನು ಹಿಡಿದಿಡುತ್ತದೆ. ಅನ್ಯದೇಶಗಳ ಪೀಟ್ ನೆಲವೂ ಹೀಗೆಯೇ; ಭೂಭಾಗದ ಶೇಕಡಾ ೩ರಷ್ಟೇ ಇದ್ದರೂ ಜಗತ್ತಿನ ಕಾಡುಗಳೆಲ್ಲಕ್ಕಿಂತ ಹೆಚ್ಚು ಇಂಗಾಲ ಅದರಲ್ಲಿದೆ. ಇಂಡೋನೇಷ್ಯದಲ್ಲಿ ಕಾಲುವೆ ತೋಡಿ ಒಣಗಿಸಿದ್ದ ಅಂಥ ನೆಲ ೧೯೯೭ರಲ್ಲಿ ಹೊತ್ತಿ ಉರಿದಾಗ ಹೊಗೆಯು ನೆರೆಯ ದೇಶಗಳನ್ನೂ ಕವಿಯಿತು.

ವರ್ತಕರು ಮೌನವಾದರು. ಶ್ರಾವಕನಿಗೆ ವರ್ಜ್ಯವಾದ ಹದಿನೈದು ಖರಕರ್ಮಗಳಲ್ಲಿ ಸರಃಶೋಷವೂ ಒಂದು: ಜಲಾಶಯಗಳನ್ನು ಬತ್ತಿಸಿ ಜೀವನೋಪಾಯ ಮಾಡುವುದು. ‘ತುಂಬಿಸುವವನು ನಾನಲ್ಲ, ಮಾರುವವನಷ್ಟೇ’ ಎಂದು ಮನಸ್ಸು ವಾದಿಸಿತು. ಆದರೆ ಕೃತ, ಕಾರಿತ, ಅನುಮೋದನ ಎಂಬ ಮೂರು ದಾರಿಗಳಿಂದಲೂ ಕರ್ಮಬಂಧವಾಗುವುದೆಂದು ಶಾಸ್ತ್ರ ಹೇಳುತ್ತದೆ. ಮಾರಾಟದ ಲೆಕ್ಕದಲ್ಲಿ ಏಡಿಗೂ ನೀರುನಾಯಿಗೂ ಕಲಮು ಇರಲಿಲ್ಲ, ಅಷ್ಟೇ.

ಮರುದಿನ ಅವರು ಮುಂಗಡವನ್ನು ಹಿಂದಿರುಗಿಸಿದರು. ಮಗ ಮುನಿಸಿಕೊಂಡನು, ಅವನ ಮಾತಿನಲ್ಲಿಯೂ ನ್ಯಾಯವಿತ್ತು. ಸಾಲ ಕಂತುಕಂತಾಗಿ ತೀರುತ್ತಿದೆ.

ಕರಾವಳಿ ನಿಯಂತ್ರಣ ವಲಯದ ನಿಯಮಗಳು ೧೯೯೧ರಿಂದಲೂ ಕಾಂಡ್ಲಾ ವನಗಳಿಗೆ ರಕ್ಷಣೆಯಿತ್ತಿವೆ. ಕಾನೂನು ನೆಲಕ್ಕೆ ಗಡಿ ಹಾಕಬಲ್ಲುದು. ಆಸೆಗೆ ಗಡಿ ಹಾಕುವುದು ಪರಿಗ್ರಹ ಪರಿಮಾಣ ವ್ರತ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಹೊಳೆಯಂಚಿನಲ್ಲಿ ಭೂಮಿಯುಳ್ಳ ಶ್ರಾವಕರು ಮಾರುವ ಮುನ್ನ ಒಮ್ಮೆ ಇಳಿತದ ಹೊತ್ತಿನಲ್ಲಿ ಅಲ್ಲಿಗೆ ಹೋಗಿ ನಿಂತು ನೋಡಲಿ.